ಹುಣಸೆಹಣ್ಣಿನಲ್ಲಿ ತೊಳೆದ ಹನ್ನೆರಡು ನಳಿಗೆಗಳು

ಹೋದ ತಿಂಗಳು ಒಬ್ಬ ಹೆಣ್ಣುಮಗಳು ಶಿಕಾರಿಪುರದಲ್ಲಿ ನನ್ನ ಮನೆ ಹುಡುಕಿಕೊಂಡು ಬಂದರು. ಯಾವುದೋ ತರಬೇತಿ ಕೇಂದ್ರದಲ್ಲಿ ಮರ ಕಡೆಯುವುದನ್ನು ಕಲಿಸುವ ಕೆಲಸ ಅವರಿಗೆ ಹೊಸದಾಗಿ ಸಿಕ್ಕಿದೆಯಂತೆ. ಕೈಯಲ್ಲೊಂದು ಹಾಳೆ, ಅದರ ತುಂಬ ಪೆನ್ ಕಿಟ್ಟುಗಳ ಹೆಸರು. "ಸಾರ್, ಹೊಸಬರಿಗೆ ಇದರಲ್ಲಿ ಯಾವುದು ತರಿಸಲಿ? ತಪ್ಪಾದ್ರೆ ಎಲ್ಲ ನನ್ನ ತಲೆಗೇ ಬರುತ್ತೆ" ಅಂದರು. ನಾನು ನಗಲಿಲ್ಲ. ಆ ಅಂಜಿಕೆ ನನಗೆ ಹಳೆಯ ಪರಿಚಯ.

ಅವರಿಗೆ ಆಗ ಅರ್ಧ ಉತ್ತರ ಕೊಟ್ಟು ಕಳಿಸಿದೆ. ಉಳಿದರ್ಧ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಡಿ, ಅದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ. ಕೆಲಸ ಹೇಗಿತ್ತು, ಎಲ್ಲಿ ಮುಗ್ಗರಿಸಿದೆ ಎಂಬುದನ್ನು ಹೇಳಿದರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಅಂಜುಬುರುಕ. ಬಸ್ಸು ಬರುವ ಮೊದಲು ಬಸ್ಸು ತಪ್ಪಿತೆಂದು ಹೆದರುವವನು, ಬಂದ ಮೇಲೆ ಇದು ಬೇರೆ ಊರಿನದೇನೋ ಎಂದು ಹೆದರುವವನು. ನನ್ನ ಹೆಂಡತಿ ಗಿರಿಜಾ ಹೇಳುತ್ತಿದ್ದಳು, "ನಿಮ್ ಎದಿಯಾಗೂ ಒಂದು ಲೇತು ಐತಿ ನೋಡ್ರಿ. ಕರೆಂಟು ಹೋದ್ರೂ ಅದು ತಿರಗೂದು ನಿಲ್ಲಂಗಿಲ್ಲ." ಸುಳ್ಳಲ್ಲ.

ಶಿಕಾರಿಪುರದ ತರಬೇತಿ ಕೇಂದ್ರಕ್ಕೆ ನಾನು ಮಾಸ್ತರನಾಗಿ ಸೇರಿದಾಗ ನಾವು ಲೇತಿನಲ್ಲಿ, ಅಂದರೆ ಮರ ತಿರುಗಿಸುವ ಯಂತ್ರದಲ್ಲಿ, ಕಡೆಯುತ್ತಿದ್ದದ್ದು ಕಡಗೋಲು, ಲಟ್ಟಣಿಗೆ, ತೊಟ್ಟಿಲಿನ ಗುಂಡು, ಮಂಚದ ಕಾಲು. ತೊಂಬತ್ತರ ದಶಕದ ಹೊತ್ತಿಗೆ ಮಿಕ್ಸಿ ಬಂದು ಕಡಗೋಲಿನ ಕತೆ ಮುಗಿಯುತ್ತ ಬಂದಿತ್ತು. ಶಿರಾಳಕೊಪ್ಪದ ಸಂತೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮುಂದೆ ಜನ, ನಮ್ಮ ಮಾಲಿನ ಮುಂದೆ ನೊಣ. ಆಗ ನಮ್ಮ ಮೇಲಧಿಕಾರಿ ಶಾಂತಪ್ಪ ಸಾಹೇಬರು ಮುಂಬಯಿಯ ವಸ್ತುಪ್ರದರ್ಶನಕ್ಕೆ ಹೋಗಿ ಬಂದವರು ನನ್ನ ಮೇಜಿನ ಮೇಲೆ ಮೂರು ಪೊಟ್ಟಣ ಎಸೆದರು.

"ಏನ್ರೀ ಮಾಸ್ತರ್ರ, ಇನ್ನ ಲಟ್ಟಣಿಗಿ ಸಾಕ್ರಿ. ಪೆನ್ನು ಮಾಡಸ್ರಿ!"

ಪೆನ್ ಕಿಟ್ಟನ್ನು ನಾನು ಕಂಡದ್ದು ಅದೇ ಮೊದಲು. ಮರದ ಪೆನ್ನಿನಲ್ಲಿ ಮರವೆಂಬುದು ಹೊರಮೈ ಮಾತ್ರ. ಒಳಗಿನ ಹಿತ್ತಾಳೆ ನಳಿಗೆ, ಮುಂದಿನ ಮೂತಿ, ಕ್ಲಿಪ್ಪು, ರೀಫಿಲ್ಲನ್ನು ಹೊರಗೆ ತಳ್ಳುವ ತಿರುಪು, ಇವೆಲ್ಲ ಒಂದು ಪೊಟ್ಟಣದಲ್ಲಿ ಸಿದ್ಧವಾಗಿ ಬರುತ್ತವೆ. ಮರದ ತುಂಡಿಗೆ ಉದ್ದಕ್ಕೆ ತೂತು ಕೊರೆದು, ಒಳಗೆ ನಳಿಗೆ ಅಂಟಿಸಿ, ಲೇತಿಗೆ ಕೊಟ್ಟು ಕಡೆದು, ಹೊಳಪು ಕೊಟ್ಟು, ಎರಡು ತುದಿಗೂ ಲೋಹದ ಭಾಗಗಳನ್ನು ಒತ್ತಿ ಕೂರಿಸಬೇಕು. ಹೇಳುವುದಕ್ಕೆ ಸುಲಭ.

ಸೊರಬದಲ್ಲಿ ನಮ್ಮದೊಂದು ಉಪಕೇಂದ್ರವಿತ್ತು. ಬಾಡಿಗೆಯ ಹಳೆಯ ಮಿಲ್ಲು, ನಾಲ್ಕು ಲೇತು, ಹತ್ತು ಜನ ಕಲಿಯುವವರು. ವಾರದಲ್ಲಿ ಮೂರು ದಿನ ನಾನು ಶಿಕಾರಿಪುರದಿಂದ ಹೊರಟು ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆ. ಸಾಹೇಬರು ಪೊಟ್ಟಣ ಎಸೆದದ್ದಷ್ಟೇ ಅಲ್ಲ, ಇನ್ನೊಂದು ಮಾತನ್ನೂ ಹೇಳಿದರು. ದಸರೆ ಕಳೆದ ಮೇಲೆ ಬೆಂಗಳೂರಿನ ಕಚೇರಿಯಿಂದ ತನಿಖೆಗೆ ಬರುತ್ತಾರೆ. ಹತ್ತು ಜನವೂ ತಮ್ಮ ಕೈಯಾರೆ ಮಾಡಿದ ಒಂದೊಂದು ಪೆನ್ನು ಮೇಜಿನ ಮೇಲಿಟ್ಟರೆ ಸೊರಬದ ಲೇತುಗಳು ಸೊರಬದಲ್ಲೇ ಉಳಿಯುತ್ತವೆ. ಇಲ್ಲದಿದ್ದರೆ ನಾಲ್ಕೂ ಲೇತು ಲಾರಿ ಹತ್ತಿ ಬೇರೆ ಜಿಲ್ಲೆಗೆ ಹೋಗುತ್ತವೆ.

ಇದನ್ನು ಕಲಿಯುವವರಿಗೆ ತಿಳಿಸಿದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವರು ಸುಶೀಲಮ್ಮ. ಹೊಸಬಾಳೆಯವರು, ವಯಸ್ಸು ಮೂವತ್ತೈದರ ಆಸುಪಾಸು. ಅಲ್ಲಿಯತನಕ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿದವರು. ಉಳಿ ಹಿಡಿದ ಮೂರನೆಯ ವಾರಕ್ಕೇ ಹಲಸಿನ ತುಂಡಿನ ಮೇಲೆ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಿನ ಸುರುಳಿ ತೆಗೆಯುತ್ತಿದ್ದರು.

"ಸಾರ್, ಮಿಷನ್ನು ಹೋದ್ರೆ ನಮ್ಮನ್ನ ಶಿಕಾರಿಪುರಕ್ಕೆ ಬನ್ನಿ ಅಂತೀರಾ?" ಎಂದು ಕೇಳಿದರು.

"ಬರಬಹುದಲ್ಲಮ್ಮ."

"ಎರಡು ಬಸ್ಸು ಹತ್ತಿ ಹೋಗಿ, ಎರಡು ಬಸ್ಸು ಹತ್ತಿ ಬರೋದ್ರೊಳಗೆ ನನ್ ಮಕ್ಳು ಇಸ್ಕೂಲು ಬಿಟ್ಟು ಬೀದೀಲಿ ಕೂತಿರ್ತಾವೆ. ಅತ್ತೆ ಒಂದು ದಿನ ಸುಮ್ನಿರ್ತಾರೆ, ಎರಡು ದಿನ ಸುಮ್ನಿರ್ತಾರೆ. ಆಮೇಲೆ ನಾನು ಕಳೆ ಕೀಳಾಕೇ ಹೋಗ್ಬೇಕು."

ಅವತ್ತಿನಿಂದ ನನಗೆ ಊಟ ಸರಿಯಾಗಿ ಸೇರಲಿಲ್ಲ.

ಈಗ ಕಿಟ್ಟಿನ ವಿಷಯ. ಮೂರು ಪೊಟ್ಟಣಗಳಲ್ಲಿ ಮೊದಲನೆಯದು ಸಪೂರ ಪೆನ್ನು. ಎಲ್ಲಕ್ಕಿಂತ ಅಗ್ಗ. ಅದಕ್ಕೆ ಎರಡು ನಳಿಗೆ, ಅಂದರೆ ಎರಡು ತೂತು, ಎರಡು ತುಂಡು, ಎರಡರ ಗೆರೆಯೂ ಕೂಡಿಬರಬೇಕು. ಕಡೆದು ಮುಗಿಸುವಾಗ ನಳಿಗೆಯ ಮೇಲೆ ಉಳಿಯುವ ಮರ ಹಪ್ಪಳಕ್ಕಿಂತ ತೆಳು. ಎರಡನೆಯದು ಒಂದೇ ನಳಿಗೆಯ ದಪ್ಪ ಪೆನ್ನು. ಮೂತಿ ಹಿಡಿದು ಮರದ ಮೈ ತಿರುವಿದರೆ ರೀಫಿಲ್ಲು ಹೊರಬರುತ್ತದೆ. ಮೂರನೆಯದು ಶಾಯಿ ಪೆನ್ನು. ಚಿನ್ನದ ಬಣ್ಣ, ತಿರುಪಿನ ಮುಚ್ಚಳ, ನೋಡಿದರೆ ಮದುಮಗನ ಜೇಬಿಗೇ ಹುಟ್ಟಿದ್ದು ಅನ್ನಬೇಕು. ಸಾಹೇಬರ ಕಣ್ಣು ಅದರ ಮೇಲೆ.

ನಾನು ಮೂರನ್ನೂ ನನ್ನ ಲೇತಿನಲ್ಲಿ ಮಾಡಿ ನೋಡಿದೆ. ಸಪೂರದ್ದು ತುದಿಯಲ್ಲಿ ಎರಡು ಸಲ ಸೀಳಿತು, ಮೂರನೆಯ ಸಲ ಕೂತಿತು. ಶಾಯಿ ಪೆನ್ನಿಗೆ, ಕಡೆಯುವಾಗ ಮರದ ಎರಡು ತುದಿಗೆ ಕೂತು ಅಳತೆ ತೋರಿಸುವ ಲೋಹದ ಬಳೆಗಳೇ ನಾಲ್ಕು ಬಗೆ, ಕೊರೆಯುವ ಬಿಟ್ಟು ಎರಡು ಬಗೆ. ಒಂದನ್ನು ಆಚೀಚೆ ಹಾಕಿದರೆ ಮುಚ್ಚಳ ಕೂರುವುದಿಲ್ಲ. ನನಗೇ ಬೆವರಿಳಿಯಿತು. ದಪ್ಪದ್ದಕ್ಕೆ ಒಂದು ಬಿಟ್ಟು, ಎರಡು ಬಳೆ, ಮರವೂ ದಪ್ಪ. ಉಳಿ ಕೊಂಚ ಜಾರಿದರೂ ಕ್ಷಮಿಸುತ್ತದೆ. ಇಂಡೆಂಟಿನಲ್ಲಿ, ಅಂದರೆ ಸಾಮಾನು ಕೋರುವ ಹಾಳೆಯಲ್ಲಿ, ಅದನ್ನೇ ಬರೆದೆ. ಹನ್ನೆರಡು ಕಿಟ್ಟು, ಜೊತೆಗೆ ಅದರದೇ ಬಿಟ್ಟು, ಅದರದೇ ಬಳೆ.

ಸಾಹೇಬರು ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಇದೇನ್ರೀ ಇದು, ಎಳೆ ಸೌತಿಕಾಯಿ ಇದ್ದಂಗೈತಿ! ಬಳ್ಳಿಗಾವಿ ಗುಡಿ ಕಂಬ ನೋಡೀರೋ ಇಲ್ಲೋ? ಕಲ್ಲನ್ನ ಕಡೆದು ನಿಲ್ಲಿಸಿದ ಸೀಮಿರೀ ಇದು. ನೀವು ಒಂದು ಶಾಯಿ ಪೆನ್ನಿಗೆ ಅಂಜ್ತೀರಲ್ಲ!"

"ಆ ಕಂಬ ಕಡೆದವರು ಆರು ವಾರದಾಗ ಕಲ್ತವರಲ್ಲ ಸಾರ್" ಅಂದೆ. ಅಂದವನು ನಾನೇನಾ ಎಂದು ನನಗೇ ಅನುಮಾನ. ಸರ್ವೀಸಿನಲ್ಲಿ ಮೇಲಿನವರಿಗೆ ಎದುರಾಡಿದ್ದು ಅದೊಂದೇ ಸಲ.

ಅವರು ನನ್ನ ಮುಖವನ್ನೇ ನೋಡಿದರು. "ಆತು. ನೀವು ಹೇಳಿದ್ದ ತರಿಸ್ತೀನಿ. ಕೆಟ್ರೆ ಮಾತ್ರ ಜವಾಬ್ದಾರಿ ನಿಮ್ದ ನೋಡ್ರಿ."

ಗೆದ್ದೆ ಎಂದು ಹಿಗ್ಗುವ ಹಾಗಿರಲಿಲ್ಲ. ಗೆದ್ದದ್ದರಿಂದ ಇಡೀ ಭಾರ ನನ್ನ ಕುತ್ತಿಗೆಗೆ ಬಿತ್ತು. ಆ ತನಕ ಏನಾದರೂ ಕೆಟ್ಟರೆ 'ಸಾಹೇಬರ ಆರ್ಡರು' ಎನ್ನಬಹುದಿತ್ತು.

ಕಿಟ್ಟುಗಳು ಬಂದದ್ದು ಮಹಾನವಮಿಗೆ ಎರಡು ದಿನ ಮೊದಲು. ಆಯುಧಪೂಜೆಯ ದಿನ ನಮ್ಮಲ್ಲಿ ಉಳಿ, ಗರಗಸ, ಲೇತು ಎಲ್ಲಕ್ಕೂ ರಜೆ. ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಕುಂಬಳಕಾಯಿ ಒಡೆಯಬೇಕು. ನಾನು ಮಿಲ್ಲಿಗೆ ಹೋದಾಗ ಹೊಸ ಕಿಟ್ಟುಗಳೂ ಪೂಜೆಗೆ ಕೂತಿದ್ದವು. ಹನ್ನೆರಡು ನಳಿಗೆಗಳನ್ನು ಪೊಟ್ಟಣದಿಂದ ತೆಗೆದು ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟಿದ್ದರು. ಆ ಹೊಳಪು ಏನು ಹೇಳಲಿ! ಕಣ್ಣು ಕುಕ್ಕುತ್ತಿತ್ತು.

"ಯಾರಮ್ಮ ಇದನ್ನ ಜೋಡಿಸಿದ್ದು?" ಎಂದೆ.

"ನಾನೇ ಸಾರ್" ಎಂದರು ಸುಶೀಲಮ್ಮ.

"ಭೇಷ್. ಬಂಗಾರ ಇದ್ದಂಗ ಹೊಳೀತಾವ" ಎಂದೆ.

ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹಬ್ಬ ಮುಗಿದು ಕೆಲಸ ಶುರುವಾಯಿತು. ಹಾಲೆ ಮರ, ಹಲಸು, ಬೀಟೆಯ ಚೂರುಪಾರು, ಯಾರಿಗೆ ಏನು ಸಿಕ್ಕಿತೋ ಅದು. ನನ್ನ ಜೀವವೆಲ್ಲ ತೂತಿನ ಮೇಲೆ. ತೂತು ಓರೆಯಾದರೆ ಮರ ಒಂದು ಕಡೆ ತೆಳುವಾಗಿ ಸೀಳುತ್ತದೆ. ಹತ್ತು ಜನ ಕೊರೆಯುವಾಗಲೂ ಪಕ್ಕದಲ್ಲಿ ಉಸಿರು ಹಿಡಿದು ನಿಂತಿದ್ದೆ. ಹತ್ತೂ ನೆಟ್ಟಗೆ ಬಂದವು. ಆಮೇಲೆ ಎರಡು ಟ್ಯೂಬು ಕಲಸುವ ಅಂಟು ಹಚ್ಚಿ ನಳಿಗೆ ತೂರಿಸಿದರು. ಆ ಹೊತ್ತಿಗೆ ನಾನು ನಿಶ್ಚಿಂತನಾಗಿ ಹೊರಗೆ ಚಹಾ ಕುಡಿಯಲು ಹೋಗಿದ್ದೆ. ಜನ್ಮದಲ್ಲಿ ಒಮ್ಮೆ ನಿಶ್ಚಿಂತನಾದರೆ ಹೀಗಾಗುತ್ತದೆ.

ತನಿಖೆ ಸೋಮವಾರ. ಅದಕ್ಕೆ ಮೊದಲಿನ ಗುರುವಾರ ಹತ್ತು ಪೆನ್ನುಗಳೂ ತಯಾರಾಗಿ ಮೇಜಿನ ಮೇಲೆ ಮಲಗಿದ್ದವು. ಒಬ್ಬೊಬ್ಬರೂ ತಮ್ಮದನ್ನು ತಿರುವಿ ಕಾಗದದ ಮೇಲೆ ಹೆಸರು ಬರೆಯತೊಡಗಿದರು. ಒಬ್ಬರ ಕೈಯಲ್ಲಿ ಪೆನ್ನು ತಿರುಗುತ್ತಲೇ ಇತ್ತು, ರೀಫಿಲ್ಲು ಮಾತ್ರ ಹೊರಗೆ ಬರಲಿಲ್ಲ. ನಾನು ಇಸಿದುಕೊಂಡು ನೋಡಿದೆ. ಮರ ನಳಿಗೆಯ ಮೇಲೆ ಸಡಿಲಾಗಿ ಸುಮ್ಮನೆ ಸುತ್ತುತ್ತಿತ್ತು. ಲೇತಿನ ಮೇಲೆ ಎರಡೂ ಕಡೆ ಬಳೆಗಳು ಬಿಗಿಹಿಡಿದಿದ್ದರಿಂದ ಅಲ್ಲಿ ಗೊತ್ತಾಗಿರಲಿಲ್ಲ. ಇನ್ನೊಂದು ನೋಡಿದೆ, ಅದೂ ಹಾಗೆಯೇ. ಹತ್ತರಲ್ಲಿ ನಾಲ್ಕು ಸುತ್ತಿದವು. ಉಳಿದವು ಯಾವಾಗ ಸುತ್ತುತ್ತವೋ ಬಲ್ಲವರಾರು?

ಅಂಟೇ ಖೋಟಾ ಎಂದು ತೀರ್ಮಾನಿಸಿ ಮರುದಿನ ಒಂದು ಸಡಿಲ ಪೆನ್ನು ಬಿಚ್ಚಿ, ನಳಿಗೆ ಜೇಬಿಗೆ ಹಾಕಿಕೊಂಡು, ಅಂಟು ಕೊಂಡಿದ್ದ ಶಿರಾಳಕೊಪ್ಪದ ಅಂಗಡಿಗೆ ಹೋಗಿ ಕೂಗಾಡಿದೆ. ಅಂಗಡಿಯವರು ತಣ್ಣಗಿನ ಮನುಷ್ಯ. ನಳಿಗೆ ಇಸಿದುಕೊಂಡು ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ಹಿಡಿದರು.

"ಮಾಸ್ತರ್ರ, ಬೈಯೋದು ಆಮ್ಯಾಲೆ ಬೈರಿ. ನಿಮ್ ನಳಿಗಿ ಕೊಬ್ರಿ ಎಣ್ಣಿ ವಾಸ್ನಿ ಹೊಡಿಯಾಕತ್ತೈತಿ. ಎಣ್ಣಿ ಮ್ಯಾಲೆ ಯಾವ ಅಂಟು ನಿಂತೀತ್ರಿ?"

ನಾನು ಮೂಸಿದೆ. ಹೌದು, ಕೊಬ್ಬರಿ ಎಣ್ಣೆ.

ಶನಿವಾರ ಬೆಳಿಗ್ಗೆ ಮಿಲ್ಲಿನಲ್ಲಿ ಕೇಳಿದೆ. ಸುಶೀಲಮ್ಮನವರ ಮುಖ ಬಿಳಿಚಿತು. "ನಾನೇ ಸಾರ್. ಹಿತ್ತಾಳೆನ ಹಂಗೇ ದೇವರ ಮುಂದೆ ಇಡಬಾರ್ದು ಅಂತ ಹುಣಸೆಹಣ್ಣು ಹಾಕಿ ತಿಕ್ಕಿದೆ. ಮತ್ತೆ ಕಪ್ಪಾಗಬಾರ್ದು ಅಂತ ಎಣ್ಣೆ ಕೈ ಆಡಿಸಿದೆ. ನೀವೂ ಭೇಷ್ ಅಂದ್ರಿ."

ಅಂದಿದ್ದೆ. ಬಂಗಾರ ಎಂದೂ ಅಂದಿದ್ದೆ. ನಳಿಗೆಯನ್ನು ಅಂಟಿಸುವ ಮೊದಲು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಬೇಕು, ಹೊಳಪು ಕಳೆಯಬೇಕು. ಆಗಲೇ ಅಂಟು ಕಚ್ಚುವುದು. ನಾನು ಮೂರು ಮಾದರಿಗಳನ್ನು ಮಾಡಿದಾಗಲೂ ಉಜ್ಜಿದ್ದೆ. ಆದರೆ ಉಜ್ಜುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ. ಕೈ ತನ್ನ ಪಾಡಿಗೆ ಉಪ್ಪುಕಾಗದ ಎತ್ತಿಕೊಂಡಿತ್ತು, ತಲೆ ಬೇರೆಲ್ಲೋ ಚಿಂತೆ ಮಾಡುತ್ತಿತ್ತು. ಕೈಗೆ ಗೊತ್ತಿದ್ದದ್ದನ್ನು ಬಾಯಿ ಹೇಳಲೇ ಇಲ್ಲ. ಪೂಜೆಯ ಹಿತ್ತಾಳೆಯನ್ನು ಜೀವಮಾನವಿಡೀ ಬೆಳಗಿದವರ ಮುಂದೆ ನಳಿಗೆಗಳನ್ನು ಇಟ್ಟರೆ ಅವರು ಇನ್ನೇನು ಮಾಡಿಯಾರು?

"ಅಂಜಬೇಡಮ್ಮ, ತಪ್ಪು ನನ್ನದು" ಎಂದೆ. ನಾಲ್ಕು ಗೋಡೆಯ ನಡುವೆ ಹೇಳುವುದು ಸುಲಭವಿತ್ತು.

ಶನಿವಾರ, ಭಾನುವಾರ ಎರಡು ದಿನ ಎಲ್ಲರೂ ಕೂತು ಪೆನ್ನು ಬಿಚ್ಚಿದರು. ಸಣ್ಣ ಸರಳಿನಿಂದ ಮೂತಿಯನ್ನು ತಟ್ಟಿ ತೆಗೆದು, ನಳಿಗೆ ಹೊರಗೆಳೆದು, ಎಣ್ಣೆ ಹೋಗುವಂತೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಉಜ್ಜಿ, ಮತ್ತೆ ಅಂಟಿಸುವ ಕೆಲಸ. ಎರಡು ಪೆನ್ನುಗಳ ಮರ ಸೀಳಿ, ನಳಿಗೆಯೂ ನೆಗ್ಗಿಹೋಯಿತು. ಮಿಕ್ಕಿದ್ದ ಎರಡು ಕಿಟ್ಟು ಅಲ್ಲಿ ಖರ್ಚಾದವು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಪೆನ್ನು ಗಟ್ಟಿಯಾಗಿ ನಿಂತವು. ಉಳಿದದ್ದು ಸುಶೀಲಮ್ಮನವರದು. ಬೀಟೆಯದು, ಹತ್ತರಲ್ಲಿ ಚೆಂದದ್ದು. ಅದು ಇನ್ನೂ ಸಡಿಲಾಗಿರಲಿಲ್ಲ.

"ಇದನ್ನೂ ಬಿಚ್ತೀನಿ ಸಾರ್. ಇದಕ್ಕೂ ಎಣ್ಣೆ ಹಚ್ಚಿದೀನಲ್ಲ" ಎಂದರು.

ನಾನು ಹತ್ತು ಸಲ ತಿರುವಿ ನೋಡಿದೆ. ಗಟ್ಟಿಯಾಗಿತ್ತು. ಸೀಳಿದರೆ ಬದಲಿಗೆ ಕಿಟ್ಟು ಇರಲಿಲ್ಲ. "ಬೇಡಮ್ಮ. ಗಟ್ಟಿ ಇರೋದನ್ನ ಯಾಕ ಕೆಡಿಸೋದು? ಹಂಗ ಇರ್ಲಿ" ಎಂದೆ. ಅವರು ಎರಡನೆಯ ಸಲವೂ ಕೇಳಿದರು. ಎರಡನೆಯ ಸಲವೂ ಬೇಡವೆಂದೆ.

ಸೋಮವಾರ ಬೆಂಗಳೂರಿನ ಮೇಡಂ ಬಂದರು. ನರೆಗೂದಲು, ದಪ್ಪ ಕನ್ನಡಕ, ಕಡಿಮೆ ಮಾತು. ಶಾಂತಪ್ಪ ಸಾಹೇಬರು ಅವರ ಎಡಗಡೆ, ನಾನು ಸಾಹೇಬರ ಹಿಂದೆ. ಮೇಡಂ ಒಂದೊಂದೇ ಪೆನ್ನು ಎತ್ತಿ, ತಿರುವಿ, ತಮ್ಮ ಪುಸ್ತಕದಲ್ಲಿ ಒಂದು ಗೆರೆ ಎಳೆದು ಕೆಳಗಿಡುತ್ತಿದ್ದರು. ಒಂದು, ಎರಡು, ಮೂರು. ನಾನು ಮನಸ್ಸಿನಲ್ಲೇ ಬಸವಣ್ಣನಿಗೆ ಹರಕೆ ಹೊರುತ್ತಿದ್ದೆ. ಒಂಬತ್ತು ದಾಟಿತು. ಕೊನೆಗೆ ಬೀಟೆಯ ಪೆನ್ನು ಎತ್ತಿ, "ಇದು ತುಂಬಾ ಚೆನ್ನಾಗಿದೆ" ಎಂದರು. ತಿರುವಿದರು. ಮತ್ತೆ ತಿರುವಿದರು.

ಮರ ಸುತ್ತುತ್ತಿತ್ತು. ರೀಫಿಲ್ಲು ಬರಲಿಲ್ಲ.

"ಯಾರು ಮಾಡಿದ್ದಿದು?" ಎಂದು ಸಾಹೇಬರು ಗುಡುಗಿದರು.

ಆಗ ನಾನು ಹೇಳಬೇಕಿತ್ತು. ಅವರು ಬಿಚ್ಚುತ್ತೇನೆ ಎಂದಿದ್ದರು, ಬೇಡವೆಂದವನು ನಾನು, ಕಿಟ್ಟು ಆರಿಸಿದವನು ನಾನು, ಕಲಿಸದೇ ಬಿಟ್ಟವನು ನಾನು. ಮೂರು ಮಾತು. 'ಜವಾಬ್ದಾರಿ ನಿಮ್ದ' ಎಂದಿದ್ದ ಸಾಹೇಬರ ಮಾತು ಕಿವಿಯಲ್ಲಿ ಕುಟ್ಟುತ್ತಿತ್ತು. ನಾನು ನೆಲ ನೋಡುತ್ತ ನಿಂತೆ.

"ನಾನು ಸಾರ್" ಎಂದು ಸುಶೀಲಮ್ಮ ಮುಂದೆ ಬಂದರು. "ಹಬ್ಬಕ್ಕೆ ಅಂತ ನಳಿಗೆನ ಹುಣಸೆಹಣ್ಣಲ್ಲಿ ತೊಳ್ದು ಎಣ್ಣೆ ಹಚ್ಚಿದ್ದೆ. ಅದಕ್ಕೇ ಅಂಟು ಹಿಡೀಲಿಲ್ಲ. ನಂದೇ ತಪ್ಪು."

"ಹುಣಸೇಹಣ್ಣಾ!" ಎಂದು ಸಾಹೇಬರು ತಲೆ ಚಚ್ಚಿಕೊಂಡರು.

ಮೇಡಂ ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಏನು ತಪ್ಪಾಯ್ತು ಅಂತ ನಿಮಗೆ ಗೊತ್ತಿದೆಯಲ್ಲ. ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?"

"ಅಂಟು ಹಿಡಿಯೋಕೆ ಒಂದರ್ಧ ಗಂಟೆ ಮೇಡಂ."

"ಮಾಡಿ. ನಾನು ಕೂತಿರ್ತೀನಿ."

ಸುಶೀಲಮ್ಮ ಸೆರಗು ಸಿಕ್ಕಿಸಿಕೊಂಡು ಸರಳು ಹಿಡಿದರು. ಅವರು ಮೊದಲ ಏಟು ಹಾಕಿದ ಮೇಲೆ ನನಗೆ ಬಾಯಿ ಬಂತು. "ಮೇಡಂ, ಅವರು ನಿನ್ನೆನೇ ಬಿಚ್ತೀನಿ ಅಂದಿದ್ರು. ಬೇಡ ಅಂದೋನು ನಾನು" ಎಂದೆ. ಸರಳಿನ ಸದ್ದಿನಲ್ಲಿ ಅದು ಯಾರಿಗೆ ಕೇಳಿಸಿತೋ ಗೊತ್ತಿಲ್ಲ. ಮೇಡಂ ಒಮ್ಮೆ ತಿರುಗಿ ನೋಡಿದರು, ಅಷ್ಟೇ. ಸುಶೀಲಮ್ಮನವರ ಕೈ ಒಂದಿಷ್ಟೂ ನಡುಗಲಿಲ್ಲ. ಮರ ಸೀಳಲಿಲ್ಲ. ನಳಿಗೆ ಸೋಪಿನಲ್ಲಿ ತೊಳೆದು, ಒರೆಸಿ, ಉಪ್ಪುಕಾಗದದಿಂದ ಹೊಳಪೆಲ್ಲ ಹೋಗುವತನಕ ಉಜ್ಜಿ, ಅಂಟಿಸಿ, ಗಡಿಯಾರ ನೋಡುತ್ತ ಕೂತರು. ಅರ್ಧ ಗಂಟೆಗೆ ಬದಲು ಮುಕ್ಕಾಲು ಗಂಟೆ ಬಿಟ್ಟು ಜೋಡಿಸಿ ಮೇಡಂ ಕೈಗೆ ಕೊಟ್ಟರು. ಮೇಡಂ ತಿರುವಿದರು. ರೀಫಿಲ್ಲು ಬಂತು. ಹತ್ತನೆಯ ಗೆರೆಯನ್ನು ಅದರಲ್ಲೇ ಎಳೆದರು.

ಲೇತುಗಳು ಸೊರಬದಲ್ಲೇ ಉಳಿದವು.

ಮನೆಗೆ ಬಂದ ಹೆಣ್ಣುಮಗಳಿಗೆ ನಾನು ಕೊಟ್ಟ ಅರ್ಧ ಉತ್ತರ ಇಷ್ಟು: ಒಂದೇ ನಳಿಗೆಯ ದಪ್ಪ ಪೆನ್ನು ತರಿಸಿ. ಅದರದೇ ಬಿಟ್ಟು, ಅದರದೇ ಬಳೆ ಜೊತೆಗಿರಲಿ. ನಾಲ್ಕೈದು ಕಿಟ್ಟು ಹೆಚ್ಚಿಗೆ ತರಿಸಿ. ಮತ್ತೆ ಮಾದರಿಯನ್ನು ನೀವು ಮಾಡಿ ನೋಡಬೇಡಿ, ನಿಮ್ಮ ಕೈ ಸುಳ್ಳು ಹೇಳುತ್ತದೆ. ಎಂದೂ ಉಳಿ ಹಿಡಿಯದವರ ಕೈಗೆ ಕೊಟ್ಟು, ನಿಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅದೇ ನಿಮ್ಮ ಪಾಠ. ಮುಂದಿನ ತಂಡಗಳಿಗೆಲ್ಲ ನಾನು ಹಾಗೆಯೇ ಆರಿಸಿದೆ.

ಹೇಳದೇ ಬಿಟ್ಟ ಅರ್ಧ ಇದು. ಆ ಸೋಮವಾರ ಎಲ್ಲರೂ ಹೋದ ಮೇಲೆ ಸುಶೀಲಮ್ಮ ಲೇತಿನ ಕೆಳಗಿನ ಹೊಟ್ಟು ಗುಡಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, "ನಿಮ್ಮಿಂದ ಮಾನ ಉಳೀತಮ್ಮ" ಎಂದೆ.

ಅವರು ಪೊರಕೆ ನಿಲ್ಲಿಸಿದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ನಿಜವಾಗಿಯೂ ತಿಳಿಯಬೇಕೆಂದು ಕೇಳುವವರ ಹಾಗೆ ಕೇಳಿದರು.

"ಸಾರ್, ಸಾಹೇಬ್ರು ಕೇಳಿದಾಗ ನೀವ್ಯಾಕೆ ಸುಮ್ನಿದ್ರಿ?"

"ಅಂಜಿಕಿ ಆತಮ್ಮ" ಎಂದೆ. ಅದಕ್ಕಿಂತ ನಿಜವಾದ ಮಾತು ನನ್ನ ಹತ್ತಿರ ಇರಲಿಲ್ಲ.

ಅವರು ಮತ್ತೆ ಗುಡಿಸತೊಡಗಿದರು.

"ನಂಗೂ ಅಂಜಿಕೆ ಆಗಿತ್ತಲ್ಲ ಸಾರ್" ಎಂದರು.